ಪದ ಬೇಕು: 'ಟ್ರಾಮಾ ಥೆರಪಿ'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾಳೆ ಸಂಜೆಯೊಳಗೆ ಒಂದು ಬೋರ್ಡು, ಒಂದು ಕೈಪಿಡಿ ಮುಗಿಸಿಕೊಡಬೇಕು. ಅಪಘಾತ, ಅತ್ಯಾಚಾರ, ಮನೆಯೊಳಗಿನ ಹೊಡೆತ, ಪ್ರವಾಹ ಇಂಥದ್ದನ್ನು ದಾಟಿ ಬಂದು, ಆಮೇಲೂ ನಿದ್ದೆಯಿಲ್ಲದೆ ಒದ್ದಾಡುವವರಿಗೆ ಚಿಕಿತ್ಸೆ ಕೊಡುವ ಕಡೆಯದು. ಮೂಲದಲ್ಲಿ 'ಟ್ರಾಮಾ ಥೆರಪಿ' ಅಂತಿದೆ. ಹಾಗೇ ಬಿಟ್ಟರೆ ಜನ ಮೂಳೆ ಮುರಿದವರನ್ನು ಎತ್ತಿಕೊಂಡು ಬರುತ್ತಾರೆ. ಟ್ರಾಮಾ ಸೆಂಟರ್ ಅಂದರೆ ಎಲ್ಲರಿಗೂ ಗೊತ್ತಿರೋದು ಅಪಘಾತದ ವಾರ್ಡು ತಾನೇ. ಸದ್ಯಕ್ಕೆ 'ಮನೋಆಘಾತ ಚಿಕಿತ್ಸೆ' ಅಂತ ಹಾಕಿದ್ದೇನೆ. ನಡೆಯುತ್ತಾ? ಟ್ರಿಗರ್, ಪ್ರೊಸೆಸಿಂಗ್, ಸರ್ವೈವರ್, ಫ್ಲ್ಯಾಶ್‌ಬ್ಯಾಕ್ ಇವಕ್ಕೂ ಮಾತು ಬೇಕು.

* * *

'ಮನೋಆಘಾತ' ತಪ್ಪು. ಮನಸ್ ಶಬ್ದದ ಮುಂದೆ ಆಕಾರ ಬಂದರೆ ಓಕಾರ ಆಗುವುದಿಲ್ಲ. ಮನೋರಥ, ಮನೋಬಲ ಸರಿ. ಇದು ಸಲ್ಲದು. 'ಮನೋಘಾತ' ಅನ್ನೋಣ ಎಂದು ಯಾರಾದರೂ ಹೇಳುವ ಮುಂಚೆ ನಾನೇ ಹೇಳುತ್ತೇನೆ: ಘಾತ ಅಂದರೆ ಕೊಲೆ, ನಾಶ. 'ಮಾನಸಿಕ ಆಘಾತ ಚಿಕಿತ್ಸೆ' ಎಂದು ಬರೆಯಿರಿ, ಮುಗಿಯಿತು.

ಚಿಕಿತ್ಸೆ ಎಂಬ ಪದವನ್ನು ಮಾತ್ರ ಬಿಡಬೇಡಿ. ಪಾಣಿನಿ ಒಂದೇ ಸೂತ್ರದಲ್ಲಿ ಗುಪ್, ತಿಜ್, ಕಿತ್ ಎಂಬ ಮೂರು ಧಾತುಗಳಿಗೆ ಸನ್ ಪ್ರತ್ಯಯ ಹೇಳಿದ್ದಾನೆ. ಅದರಿಂದ ಬಂದವು ಜುಗುಪ್ಸೆ, ತಿತಿಕ್ಷೆ, ಚಿಕಿತ್ಸೆ. ಹೇಸಿಗೆ, ತಾಳ್ಮೆ, ಗುಣಪಡಿಸುವುದು. ನಿಮ್ಮ ಕೈಪಿಡಿಯಲ್ಲಿ ಇರುವ ಸಂಗತಿಯೇ ಅದಲ್ಲವೇ? ಇಷ್ಟು ಒಳ್ಳೆಯ ಮಾತಿರುವಾಗ ಥೆರಪಿ ಏಕೆ?

* * *

ಸಂಧಿ ಸರಿಮಾಡಿದರೆ ನೋವಿನಲ್ಲಿರುವವರಿಗೆ ಏನು ಸಿಕ್ಕಿತು? ನಮ್ಮದೇ ಮಾತಿದೆ. ಹಳಗನ್ನಡದಲ್ಲಿ ಮನಸ್ಸಿಗೆ 'ಬಗೆ', ಗಾಯಕ್ಕೆ 'ಪುಣ್'. ಇವತ್ತಿನ ಹುಣ್ಣು ಅದೇ. 'ಬಗೆಹುಣ್ಣು' ಅನ್ನಿ. ಅದು ಒಗ್ಗದಿದ್ದರೆ 'ಒಳಗಾಯ'. ಚಿಕಿತ್ಸೆಗೆ 'ಆರೈಕೆ'. ಸಮಾಲೋಚನೆ ಅನ್ನೋ ಭಾರದ ಪದವೂ ಬೇಡ. ಅಚ್ಚಗನ್ನಡದ 'ಸಲಹೆ' ಇದೆ, 'ಸಲಹು' ಅನ್ನುವ ಮಾತಿನಿಂದ ಬಂದದ್ದು.

* * *

ಸಲಹೆ ಅರಬ್ಬಿಯ 'ಸಲಾಹ್'. ಉರ್ದುವಿನ ದಾರಿಯಲ್ಲಿ ಬಂತು. ಸಲಹುವುದಕ್ಕೂ ಅದಕ್ಕೂ ನಂಟಿಲ್ಲ. ಸುಮ್ನೆ ಕಲ್ಪಿಸಬೇಡಿ.

ಇನ್ನು 'ಗಾಯ'. ಸಂಸ್ಕೃತದ ಘಾತವೇ ಪ್ರಾಕೃತದಲ್ಲಿ ಘಾಯ ಆಗಿ ಇಲ್ಲಿ ಗಾಯ ಆಯಿತು. ಹಿಂದಿಯ ಘಾವ್ ಕೂಡ ಅದೇ. ಆಘಾತ ಬೇಡ, ಗಾಯ ಬೇಕು ಅನ್ನುವುದು ಅಣ್ಣನನ್ನು ಹೊರಗೆ ನಿಲ್ಲಿಸಿ ತಮ್ಮನಿಗೆ ಮಣೆ ಹಾಕಿದ ಹಾಗೆ.

* * *

ಎಲ್ಲಿಂದ ಬಂದರೇನು? ಗಾಯ ಅನ್ನೋದು ಮಗುವಿನ ಬಾಯಲ್ಲೂ ಇದೆ. ಆಘಾತ ಇಲ್ಲ.

* * *

ಇಬ್ಬರೂ ಸ್ವಲ್ಪ ನಿಲ್ಲಿ. ಕೇಳಿದವರಿಗೆ ನಾಳೆ ಸಂಜೆ ಗಡುವು.

ಇಂಥ ಚಿಕಿತ್ಸೆಯ ಕೋಣೆಗಳಲ್ಲಿ ಕೂತು ಎರಡು ಭಾಷೆಯ ನಡುವೆ ಮಾತು ದಾಟಿಸೋದು ನನ್ನ ಕೆಲಸ. 'ಮಾನಸಿಕ ಆಘಾತ ಚಿಕಿತ್ಸೆ' ಅಂತ ನಾನೂ ಒಮ್ಮೆ ಹೇಳಿದ್ದೆ. ಎದುರಿಗಿದ್ದ ಹೆಣ್ಣುಮಗಳು ಎರಡೂ ಕೈ ಎತ್ತಿ ಹಣೆಯ ಪಕ್ಕಗಳನ್ನು ಮುಚ್ಚಿಕೊಂಡರು. "ಕರೆಂಟ್ ಕೊಡ್ತೀರಾ ಮೇಡಂ?" ಅಂದರು. ಇಲ್ಲ ಅಂತ ಎಷ್ಟು ಹೇಳಿದರೂ ಮುಂದಿನ ವಾರ ಅವರು ಬರಲಿಲ್ಲ. ತಪ್ಪು ನನ್ನ ಬಾಯಿಂದ ಆದದ್ದು. ಕರೆಂಟ್ ಚಿಕಿತ್ಸೆ ಕೆಟ್ಟದ್ದು ಅಂತಲ್ಲ, ತೀವ್ರ ಖಿನ್ನತೆಗೆ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಆದರೆ ಇದು ಅದಲ್ಲ.

ತೊಡಕು ಪದದಲ್ಲಿಲ್ಲ, ಸಮಾಸದಲ್ಲಿದೆ. ದಂತಚಿಕಿತ್ಸೆ ಅಂದರೆ ಹಲ್ಲಿಗೆ ಚಿಕಿತ್ಸೆ. ಜಲಚಿಕಿತ್ಸೆ ಅಂದರೆ ನೀರಿನಿಂದ ಚಿಕಿತ್ಸೆ. 'ಆಘಾತ ಚಿಕಿತ್ಸೆ' ಇವೆರಡರಲ್ಲಿ ಯಾವುದು? ವಿದ್ಯುದಾಘಾತ, ಹೃದಯಾಘಾತ ಕೇಳಿದ ಕಿವಿಗೆ ಆಘಾತ ಕೊಟ್ಟು ಮಾಡುವ ಚಿಕಿತ್ಸೆ ಅಂತಲೇ ಅನಿಸುತ್ತದೆ. ಆದ್ದರಿಂದ ಸಮಾಸ ಬಿಡಿ, 'ಕ್ಕೆ' ಹಾಕಿ. 'ಮನಸ್ಸಿನ ಗಾಯಕ್ಕೆ ಚಿಕಿತ್ಸೆ'. ಆ ಒಂದು ವಿಭಕ್ತಿ ಇದ್ದರೆ ಯಾರೂ ಹೆದರುವುದಿಲ್ಲ.

ಗಾಯವೇ ಯಾಕೆ? ಗ್ರೀಕಿನಲ್ಲೂ ಟ್ರಾಮಾ ಅಂದರೆ ಗಾಯವೇ. ಅದಕ್ಕಿಂತ ಜಾಸ್ತಿ ಮುಖ್ಯ, ಗಾಯದ ಜೊತೆ ಕ್ರಿಯಾಪದಗಳ ಒಂದು ಸಂಸಾರವೇ ಬರುತ್ತದೆ. ಗಾಯ ಕೀವಾಗುತ್ತದೆ, ಒಣಗುತ್ತದೆ, ಮಾಯುತ್ತದೆ, ಕಲೆ ಉಳಿಯುತ್ತದೆ. ಆಘಾತ ಮಾಯುವುದಿಲ್ಲ. ಪೇಪರಿನಲ್ಲಿ ದಿನಾ ಒಂದು 'ಆಘಾತಕಾರಿ ಸುದ್ದಿ' ಬರುತ್ತದೆ, ಸಂಜೆಗೆ ಮರೆತುಹೋಗುತ್ತದೆ. ವರ್ಷಗಟ್ಟಲೆ ಉಳಿಯುವ ನೋವಿಗೆ ಆ ಪದ ಸಾಲದು. 'ಬಗೆಹುಣ್ಣು' ಕೂಡ ಆಗದು ಸರ್. ಇವತ್ತು ಬಗೆ ಅಂದರೆ ವಿಧ, ಹುಣ್ಣು ಅಂದರೆ ಬಾಯಿ ಹುಣ್ಣು.

ಉಳಿದವು ಹೀಗೆ ಹೊಂದುತ್ತವೆ ಅಲ್ವಾ ನೋಡಿ. ಟ್ರಿಗರ್‌ಗೆ 'ಗಾಯ ಕೆದಕುವಂಥದ್ದು': ಒಂದು ವಾಸನೆ, ಬಾಗಿಲು ಬಡಿದ ಸದ್ದು. ಪ್ರೊಸೆಸಿಂಗ್‌ಗೆ 'ಅರಗಿಸಿಕೊಳ್ಳುವುದು', ದುಃಖಕ್ಕೆ ನಾವು ಹೇಳುವುದೇ ಹಾಗೆ. ಸರ್ವೈವರ್‌ಗೆ 'ಬಲಿಪಶು' ಮಾತ್ರ ಬೇಡ, ದಯವಿಟ್ಟು. 'ಬದುಕುಳಿದವರು' ಪ್ರವಾಹಕ್ಕೆ ಸರಿ, ಮನೆಯಲ್ಲೇ ವರ್ಷಗಟ್ಟಲೆ ಹೊಡೆತ ತಿಂದವರಿಗೆ ಕೂಡುವುದಿಲ್ಲ. ಕೈಪಿಡಿಯಲ್ಲಿ 'ನೀವು' ಅಂತ ನೇರವಾಗಿ ಬರೆದರೆ ಆ ಪದವೇ ಬೇಡ.

'ಆರೈಕೆ', 'ಸಲಹೆ' ಎರಡನ್ನೂ ಒಪ್ಪಲಾರೆ. ಆರೈಕೆ ಮನೆಯವರೂ ಮಾಡುತ್ತಾರೆ, ಮಾಡಲೇಬೇಕು. ಇದು ತರಬೇತಿ ಬೇಕಾದ, ಕ್ರಮವಿರುವ ಕೆಲಸ. ಒಂದು ಬಗೆಯದು 12 ಭೇಟಿಗಳದ್ದು: 'ಎಲ್ಲಾ ನನ್ನಿಂದಲೇ ಆಯ್ತು' ಅನ್ನುವಂಥ ನಂಬಿಕೆಗಳನ್ನು ಬರೆಸಿ, ಬಿಡಿಸಿ ನೋಡಿಸುತ್ತಾರೆ. ಮತ್ತೊಂದು ಬಗೆಯಾದ ಇಎಂಡಿಆರ್‌ನಲ್ಲಿ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಥೆರಪಿಸ್ಟ್‌ನ ಬೆರಳು ಹೋದ ಕಡೆ ಕಣ್ಣು ಓಡಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಇದನ್ನು ಒಪ್ಪಿದೆ. ಇನ್ನೊಂದರಲ್ಲಿ ಕಣ್ಣು ಮುಚ್ಚಿ, ನಡೆದದ್ದನ್ನು ಈಗ ನಡೆಯುತ್ತಿರುವ ಹಾಗೆ ಹೇಳಬೇಕು, ರೆಕಾರ್ಡ್ ಮಾಡಿದ್ದನ್ನು ಮನೆಯಲ್ಲಿ ಮತ್ತೆ ಕೇಳಬೇಕು. ಸಲಹೆ ಅಂತ ಬರೆದರೆ 'ಮರೆತುಬಿಡಿ' ಅಂತಾರೆ ಎಂದುಕೊಂಡು ಬರುತ್ತಾರೆ. ಆ ಮಾತನ್ನು ಅವರು ಊರವರಿಂದೆಲ್ಲ ಕೇಳಿ ಸಾಕಾಗಿದ್ದಾರೆ. ಇಲ್ಲಿ ನಡೆಯುವುದು ಅದಕ್ಕೆ ಪೂರ್ತಿ ವಿರುದ್ಧ.

ಕಣ್ಣು ಮುಚ್ಚಿ, ಈಗ ನಡೆಯುತ್ತಿರುವ ಹಾಗೆ ಹೇಳುವ ಆ ಬಗೆ ಕೈಪಿಡಿಯಲ್ಲಿ ಇದ್ದರೆ ಒಂದು ಎಚ್ಚರ. 'ಹೊಡೀತಾನೆ' ಅಂತ ಬರೆಯಬೇಡಿ. ಕನ್ನಡದಲ್ಲಿ ಅದು ನಾಳೆಗೂ ಆಗುತ್ತದೆ, ಮುಂದೆ ಹೊಡೆಯುತ್ತಾನೆ ಅಂತ ಕೇಳಿಸುತ್ತದೆ. 'ಹೊಡೀತಾ ಇದ್ದಾನೆ' ಅನ್ನಿ.

* * *

ಸಮಾಸದ ಮಾತು ಸರಿ. 'ಗಾಯಕ್ಕೆ ಚಿಕಿತ್ಸೆ' ಒಪ್ಪಿದೆ. ಆದರೆ ನೀವೂ ಥೆರಪಿಸ್ಟ್ ಅಂತ ಬರೆದಿದ್ದೀರಿ. 'ಮನೋಚಿಕಿತ್ಸಕ' ಎಂದೂ ಬರೆಯಬೇಡಿ, 'ಮನಶ್ಚಿಕಿತ್ಸಕ' ಆಗಬೇಕು.

* * *

ಆ ಪದವನ್ನು ಬೋರ್ಡಿನ ಮುಂದೆ ನಿಂತು ಯಾರು ಓದುತ್ತಾರೆ? ಥೆರಪಿಸ್ಟ್ ಅಂತಲೇ ಇರಲಿ.

* * *

ಇಂಗ್ಲಿಷಿನ ಸಾಲ ಆಗುತ್ತದೆ, ಸಂಸ್ಕೃತದ್ದು ಆಗುವುದಿಲ್ಲ. ಇದು ಯಾವ ಅಚ್ಚಗನ್ನಡ?

* * *

ಬಸ್ಸು, ಡಾಕ್ಟರು ಬಂದ ಹಾಗೆ ಇದೂ ಬಂದಿದೆ. ಜನ ತಂದುಕೊಂಡದ್ದು. ನೀವು ಕೊಡುವುದು ಹೇರಿಕೆ.

* * *

ಎಲ್ಲರಿಗೂ ಥ್ಯಾಂಕ್ಸ್. ಬೋರ್ಡು ಬರೆಯುವವರಿಗೆ ಈಗಷ್ಟೇ ಕಳಿಸಿದೆ: 'ಮನಸ್ಸಿನ ಗಾಯಕ್ಕೆ ಚಿಕಿತ್ಸೆ'. ಕೆಳಗೆ ಸಣ್ಣದಾಗಿ, 'ಅಪಘಾತ, ಹಿಂಸೆ, ಪ್ರವಾಹ ದಾಟಿ ಬಂದವರಿಗೆ'. ಕೈಪಿಡಿಯ ಮೊದಲ ಪುಟದಲ್ಲೇ, 'ಇಲ್ಲಿ ಕರೆಂಟ್ ಕೊಡುವುದಿಲ್ಲ' ಅಂತ ಸೇರಿಸಿದ್ದೇನೆ. ಆ ಹೆಣ್ಣುಮಗಳ ಕೈ ಕಣ್ಣಿಂದ ಹೋಗುತ್ತಿಲ್ಲ. ಥೆರಪಿಸ್ಟ್ ಹಾಗೇ ಇದೆ, ಕ್ಷಮಿಸಿ ಸರ್.

ಫ್ಲ್ಯಾಶ್‌ಬ್ಯಾಕ್‌ಗೆ ಮಾತ್ರ ಇನ್ನೂ ಯಾರೂ ಹೇಳಿಲ್ಲ. 'ನೆನಪು ನುಗ್ಗಿ ಬರುವುದು' ಅಂತ ಬರೆದಿದ್ದೇನೆ. ನೆನಪಾಗುವುದಲ್ಲ, ಮತ್ತೆ ಅಲ್ಲೇ ನಿಂತ ಹಾಗಾಗುವುದು. ಅದಕ್ಕೆ ಇನ್ನೂ ಹತ್ತಿರದ ಮಾತು ಇದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.