ಕೋರ್ ಹೆಚ್ಚಿಸಿದರೂ ಸಿಮ್ಯುಲೇಶನ್ ಏಕೆ ವೇಗವಾಗಿ ಓಡುತ್ತಿಲ್ಲ? ಪ್ರಶ್ನೋತ್ತರ

ಪ್ರಶ್ನೆ, ಸದಸ್ಯ 1: ಯಂತ್ರದಲ್ಲಿ 16 ಕೋರ್‌ಗಳಿದ್ದು, ಹೈಪರ್‌ಥ್ರೆಡಿಂಗ್‌ನಿಂದ 32 ಎಂದು ಕಾಣಿಸುತ್ತದೆ. ಸಿಮ್ಯುಲೇಶನ್‌ಗೆ 32 ಥ್ರೆಡ್ (ಏಕಕಾಲದಲ್ಲಿ ನಡೆಯುವ ಕೆಲಸದ ಎಳೆ) ಕೊಟ್ಟರೆ 16ಕ್ಕಿಂತ ನಿಧಾನವಾಗುತ್ತಿದೆ.

ಉತ್ತರ: 16ನ್ನೇ ಕೊಡಿ. ಒಂದು ಕೋರ್‌ನ ಲೆಕ್ಕದ ಘಟಕಗಳನ್ನೇ ಎರಡು ಥ್ರೆಡ್‌ಗಳು ಹಂಚಿಕೊಳ್ಳುತ್ತವೆ, ಮೆಮೊರಿ ಬ್ಯಾಂಡ್‌ವಿಡ್ತ್ (ಮೆಮೊರಿಯಿಂದ ದತ್ತಾಂಶ ಬರುವ ವೇಗ) ಅಂತೂ ಹೆಚ್ಚುವುದಿಲ್ಲ.

ಪ್ರಶ್ನೆ, ಸದಸ್ಯ 2: ದ್ರವ, ಅನಿಲಗಳ ಹರಿವನ್ನು ಲೆಕ್ಕ ಹಾಕುವ ಓಪನ್‌ಫೋಮ್ ತಂತ್ರಾಂಶವನ್ನು 8 ಪ್ರಕ್ರಿಯೆಗಳಲ್ಲಿ ಓಡಿಸಿದರೆ ಲಾಗ್‌ನ ಪ್ರತಿ ಸಾಲೂ ಎಂಟು ಸಲ ಬರುತ್ತಿದೆ.

ಉತ್ತರ: ನೀವು ಒಂದೇ ಕೇಸನ್ನು ಎಂಟು ಸಲ ಬಿಡಿಬಿಡಿಯಾಗಿ ಓಡಿಸುತ್ತಿದ್ದೀರಿ. ಲಾಗ್‌ನ ಆರಂಭದಲ್ಲಿ ಎನ್‌ಪ್ರಾಕ್ಸ್ (ಪ್ರಕ್ರಿಯೆಗಳ ಸಂಖ್ಯೆ) ಎದುರು 1 ಇದ್ದರೆ ಆದೇಶದಲ್ಲಿ ಪ್ಯಾರಲಲ್ ಆಯ್ಕೆ ಬಿಟ್ಟುಹೋಗಿದೆ. ಅದು ಇದ್ದೂ ಹೀಗಾದರೆ, ಸಾಲ್ವರ್ (ಲೆಕ್ಕ ಮಾಡುವ ಪ್ರೋಗ್ರಾಂ) ಕಂಪೈಲ್ ಆದ ಎಂಪಿಐ (ಪ್ರಕ್ರಿಯೆಗಳ ನಡುವೆ ಸಂದೇಶ ಸಾಗಿಸುವ ತಂತ್ರಾಂಶ) ಬೇರೆ, ನೀವು ಕರೆಯುತ್ತಿರುವ ಎಂಪಿಐ ಬೇರೆ. ಎಂಟೂ ಪ್ರತಿಗಳು ಒಂದೇ ಫೋಲ್ಡರ್‌ನಲ್ಲಿ ಬರೆದಿರುವುದರಿಂದ ಆ ಫಲಿತಾಂಶಗಳನ್ನು ಅಳಿಸಿಬಿಡಿ.

ಪ್ರಶ್ನೆ, ಸದಸ್ಯ 3: ತೆಳು ಗೋಡೆಯ ಕೊಳವೆಯ ಕ್ರ್ಯಾಶ್ ವಿಶ್ಲೇಷಣೆಯಲ್ಲಿ 4 ಕೋರ್‌ಗೆ ಒಂದು ರೀತಿ, 16 ಕೋರ್‌ಗೆ ಇನ್ನೊಂದು ರೀತಿ ಮಡಿಕೆ ಬೀಳುತ್ತಿದೆ. ಹೀರಿಕೊಂಡ ಶಕ್ತಿಯಲ್ಲಿ 9% ವ್ಯತ್ಯಾಸವಿದೆ. ವರದಿಗೆ 4 ಕೋರ್‌ನದನ್ನು ಹಾಕಬಹುದೇ?

ಉತ್ತರ: ದಯವಿಟ್ಟು ಹಾಕಬೇಡಿ. ಕೋರ್‌ಗಳ ಸಂಖ್ಯೆ ಬದಲಾದಾಗ ಮಾದರಿಯ ವಿಭಜನೆಯೂ ಬದಲಾಗಿ, ಬಲಗಳನ್ನು ಕೂಡುವ ಕ್ರಮ ಹಿಂದುಮುಂದಾಗುತ್ತದೆ. ಫ್ಲೋಟಿಂಗ್ ಪಾಯಿಂಟ್ (ಸೀಮಿತ ಅಂಕಿಗಳಲ್ಲಿ ಇಡುವ ಸಂಖ್ಯೆಗಳ) ಕೂಡಿಕೆಯಲ್ಲಿ ಕ್ರಮ ಬದಲಾದರೆ ಕೊನೆಯ ಅಂಕಿಗಳು ಬದಲಾಗುವುದು ಸಹಜ. ಸಾಮಾನ್ಯ ಮಾದರಿಯಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಆದರೆ ದೋಷವೇ ಇಲ್ಲದ, ಪೂರ್ಣ ಸಮಮಿತಿಯ ಕೊಳವೆ ಬಕ್ಲಿಂಗ್ ಆಗುವ (ಒತ್ತಡಕ್ಕೆ ಒಮ್ಮೆಲೇ ಬಾಗುವ) ಕ್ಷಣದಲ್ಲಿ ಯಾವ ಕಡೆ ಮಡಿಯಬೇಕೆಂಬುದನ್ನು ಆ ಕೊನೆಯ ಅಂಕಿಯೇ ತೀರ್ಮಾನಿಸಿಬಿಡುತ್ತದೆ. ಹಾಗಾಗಿ ಅಸ್ಥಿರತೆ ನಿಮ್ಮ ಮಾದರಿಯಲ್ಲಿದೆ, ಕೋರ್‌ಗಳು ಅದನ್ನು ಬಯಲಿಗೆ ತಂದಿವೆ ಅಷ್ಟೆ. ಮೊದಲ ಕೆಲವು ಬಕ್ಲಿಂಗ್ ಮೋಡ್‌ಗಳ (ಬಾಗುವ ಸಂಭವನೀಯ ವಿಧಗಳ) ಆಕಾರವನ್ನು ತಯಾರಿಕೆಯ ಟಾಲರೆನ್ಸ್‌ಗೆ (ಅಳತೆಯಲ್ಲಿ ಅನುಮತಿಸಿದ ವ್ಯತ್ಯಾಸಕ್ಕೆ) ಹೊಂದುವ ಪ್ರಮಾಣದಲ್ಲಿ ಜ್ಯಾಮಿತಿಗೆ ಸೇರಿಸಿ, ಡಬಲ್ ಪ್ರಿಸಿಶನ್‌ನಲ್ಲಿ (ಹೆಚ್ಚು ಅಂಕಿಗಳ ನಿಖರತೆಯಲ್ಲಿ) ಹಲವು ಸಲ ಓಡಿಸಿ, ಫಲಿತಾಂಶದ ವ್ಯಾಪ್ತಿಯನ್ನೇ ವರದಿ ಮಾಡಿ. ಅವರ್‌ಗ್ಲಾಸ್ ಶಕ್ತಿ (ಮಾದರಿಯ ಸಣ್ಣ ತುಂಡುಗಳಾದ ಎಲಿಮೆಂಟ್‌ಗಳ ಅವಾಸ್ತವ ವಿರೂಪವನ್ನು ತಡೆಯಲು ಸಾಲ್ವರ್ ವ್ಯಯಿಸುವ ಕೃತಕ ಶಕ್ತಿ) ಆಂತರಿಕ ಶಕ್ತಿಯ ಶೇಕಡಾ ಎಷ್ಟಿದೆ ಎಂಬುದನ್ನೂ ಇಲ್ಲಿ ತಿಳಿಸಿ.

ಸದಸ್ಯ 4: ಫಾರ್ವರ್ಡ್ ಬಂದದ್ದು: ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಎಂಬ ಸೆಟ್ಟಿಂಗ್ ಸಾಧನದ ಬೂಟ್ ಆಯ್ಕೆಗಳಲ್ಲಿ ಪ್ರೊಸೆಸರ್ ಸಂಖ್ಯೆಯನ್ನು ಗರಿಷ್ಠಕ್ಕೆ ಇಟ್ಟರೆ ವೇಗ ದುಪ್ಪಟ್ಟಾಗುತ್ತದಂತೆ.

ಉತ್ತರ: ಆಗುವುದಿಲ್ಲ. ವಿಂಡೋಸ್ ಎಲ್ಲ ಕೋರ್‌ಗಳನ್ನೂ ತಾನಾಗಿಯೇ ಬಳಸುತ್ತದೆ. ಆ ಆಯ್ಕೆ ಇರುವುದು ಪರೀಕ್ಷೆಗಾಗಿ ಸಂಖ್ಯೆಯನ್ನು ಮಿತಿಗೊಳಿಸಲು. ಪರಿಶೀಲಿಸದ ಫಾರ್ವರ್ಡ್‌ಗಳನ್ನು ಇಲ್ಲಿ ಹಾಕಬೇಡಿ ಎಂದು ಹಿಂದೆಯೂ ಕೇಳಿಕೊಂಡಿದ್ದೇನೆ.

ಸದಸ್ಯ 5: 32 ಥ್ರೆಡ್ ಕೊಟ್ಟರೆ ನನಗೂ ನಿಧಾನ. ಏನು ಮಾಡಲಿ?

ಉತ್ತರ: ಮೊದಲ ಉತ್ತರ ಓದಿ.

ಸದಸ್ಯ 6: ಇಷ್ಟೆಲ್ಲ ತಲೆನೋವೇಕೆ? 128 ಕೋರ್‌ಗಳ ಯಂತ್ರ ತಂದರೆ ಎಲ್ಲವೂ ಮುಗಿಯಿತು.

ಸದಸ್ಯ 2: ಮುಗಿಯುವುದಿಲ್ಲ. 1967ರಲ್ಲೇ ಕಂಪ್ಯೂಟರ್ ವಿನ್ಯಾಸಕ ಜೀನ್ ಅಮ್ಡಾಲ್ ಹೇಳಿದ್ದಾರೆ: ಕೆಲಸದ 5% ಸರಣಿಯಾಗಿಯೇ ನಡೆಯಬೇಕಿದ್ದರೆ ಎಷ್ಟು ಕೋರ್ ಇದ್ದರೂ 20 ಪಟ್ಟು ಮೀರದು.

ಸದಸ್ಯ 6: ಪುಸ್ತಕದ ಮಾತು. ಮೆಶ್ (ಮಾದರಿಯನ್ನು ಸಣ್ಣ ತುಂಡುಗಳಾಗಿ ಒಡೆದ ಜಾಲ) ದೊಡ್ಡದಾದರೆ ಆ 5% ಕುಗ್ಗುತ್ತದೆ. ನೀವು ದೊಡ್ಡ ಮಾದರಿ ಓಡಿಸಿಯೇ ಇಲ್ಲವೆಂದು ಕಾಣುತ್ತದೆ.

ಸದಸ್ಯ 2: ವೈಯಕ್ತಿಕ ಮಾತು ಬೇಡ. ಪ್ರಶ್ನೆ ಕೇಳಿದವರ ಮೆಶ್ ದೊಡ್ಡದೆಂದು ಯಾರು ಹೇಳಿದರು?

ಸದಸ್ಯ 7: ಎರಡು ಯಂತ್ರಗಳನ್ನು ಜೋಡಿಸಿದಾಗ ಸಾಲ್ವರ್ ಆರಂಭದಲ್ಲೇ ನಿಂತುಬಿಡುತ್ತದೆ. ಯಾರಾದರೂ ತಿಳಿಸುವಿರಾ?

ಸದಸ್ಯ 6: ಸದಸ್ಯ 2, ಗೊತ್ತಿಲ್ಲದವರು ಸುಮ್ಮನಿರುವುದು ಒಳ್ಳೆಯದು.

ಉತ್ತರ: ಇಬ್ಬರೂ ನಿಲ್ಲಿಸಿ. 16, 32, 64 ಕೋರ್‌ಗಳಲ್ಲಿ ಅಳೆದ ಸಮಯ ಇದ್ದರೆ ಹಾಕಿ, ಇಲ್ಲದಿದ್ದರೆ ವಾದ ಬೇಡ.

ಸದಸ್ಯ 3: ಅವರ್‌ಗ್ಲಾಸ್ ಶಕ್ತಿ 14% ಇದೆ. ನಾಳೆಯೇ ವರದಿ ಕೊಡಬೇಕು. 4 ಕೋರ್‌ನಲ್ಲಿ ಹೀರಿಕೊಂಡ ಶಕ್ತಿ ಹೆಚ್ಚು ಬರುವುದರಿಂದ ಸದ್ಯಕ್ಕೆ ಅದನ್ನೇ ಕೊಡಲೇ?

ಉತ್ತರ: ಬೇಡ. ಹೆಚ್ಚು ಶಕ್ತಿ ಹೀರಿದಂತೆ ಕಂಡರೆ ವಿನ್ಯಾಸ ಇರುವುದಕ್ಕಿಂತ ಸುರಕ್ಷಿತವೆಂದು ಕಾಣುತ್ತದೆ. 14% ಎಂದರೆ ಆ ಎರಡು ಉತ್ತರಗಳಲ್ಲಿ ಯಾವುದನ್ನೂ ನಂಬುವಂತಿಲ್ಲ. ಮೊದಲು ಮೆಶ್ ಮತ್ತು ಎಲಿಮೆಂಟ್ ಸೂತ್ರೀಕರಣ ಸರಿಪಡಿಸಿ, ಗಡುವನ್ನು ಇಂದೇ ಕೇಳಿ ಮುಂದೂಡಿಸಿಕೊಳ್ಳಿ.