ಪ್ರಾಫಿಟ್ ಮಾರ್ಜಿನ್ ಅಂದರೆ ಲಾಭಾಂಶವಾ?

ಗೆಳೆಯರೇ,

ಕಂಪ್ಯೂಟರ್ ವ್ಯಾಪಾರದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪ್ರಾಫಿಟ್ ಮಾರ್ಜಿನ್’ ಅನ್ನುವ ಪದದ ಹತ್ತಿರ ಬಂದು ಎರಡು ದಿನದಿಂದ ನಿಂತಿದ್ದೇನೆ.

2005ರಲ್ಲಿ ಐಬಿಎಂ ತನ್ನ ಪಿಸಿ ವಿಭಾಗವನ್ನು ಲೆನೊವೊಗೆ ಮಾರಿತು. ಜಗತ್ತಿನಲ್ಲೇ ಜಾಸ್ತಿ ಪಿಸಿ ಮಾರುತ್ತಿದ್ದ ಎಚ್‌ಪಿ ಕೂಡ 2011ರ ಆಗಸ್ಟ್‌ನಲ್ಲಿ ತನ್ನ ಪಿಸಿ ವಿಭಾಗವನ್ನು ಬೇರೆ ಮಾಡುವ ಮಾತಾಡಿತು. ಅಕ್ಟೋಬರ್‌ನಲ್ಲಿ ಮನಸ್ಸು ಬದಲಿಸಿತು, ಆ ಮಾತು ಬೇರೆ. ಮಾರಾಟಕ್ಕೇನೂ ಕೊರತೆ ಇರಲಿಲ್ಲ. ಮಾರಿದ್ದರಲ್ಲಿ ಕೈಗೆ ಉಳಿಯುತ್ತಿದ್ದದ್ದು ಕಮ್ಮಿ. ಈ ‘ಉಳಿಯುವುದಕ್ಕೆ’ ಒಂದು ಪದ ಬೇಕು.

‘ಲಾಭಾಂಶ’ ಅಂತ ಬರೆಯುವುದನ್ನು ನೋಡಿದ್ದೇನೆ. ಆದರೆ ಷೇರುಪೇಟೆ ಸುದ್ದಿಯಲ್ಲಿ ಲಾಭಾಂಶ ಅಂದರೆ ಡಿವಿಡೆಂಡ್, ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು. ‘ಪಿಸಿ ಕಂಪನಿಗಳ ಲಾಭಾಂಶ ಇಳಿಕೆ’ ಅಂತ ಬರೆದರೆ ಷೇರು ಇಟ್ಟುಕೊಂಡವರು ಸುಮ್ನೆ ಗಾಬರಿಯಾಗುತ್ತಾರೆ, ಅಲ್ವಾ? ‘ಲಾಭದ ಅಂಚು’ ಅಂದರಂತೂ ಸೀರೆ ಅಂಗಡಿ ನೆನಪಾಗುತ್ತದೆ.

ಬರೀ ‘ಲಾಭ’ ಅಂದರೂ ಸಾಲದು. 38,000 ರೂಪಾಯಿಗೆ ತಂದ ಲ್ಯಾಪ್‌ಟಾಪನ್ನು 40,000ಕ್ಕೆ ಮಾರಿದರೆ ಲಾಭ 2,000. ಮಾರ್ಜಿನ್ ಶೇ 5. ಯಾಕೆಂದರೆ ಅದರ ಲೆಕ್ಕ ಮಾರಿದ ಬೆಲೆಯ ಮೇಲೆ. ಅಸಲಿನ ಮೇಲೆ ಲೆಕ್ಕ ಹಾಕಿದರೆ ಶೇ 5.26 ಬರುತ್ತದೆ, ಅದು ಮಾರ್ಕಪ್. ಕನ್ನಡದಲ್ಲಿ ಎರಡನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದೇವೆ.

ಹೋದ ತಿಂಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಚೌಕಾಸಿ ಮಾಡುತ್ತಿದ್ದೆ. ಅಂಗಡಿಯವರು ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿ, “ಲ್ಯಾಪ್‌ಟಾಪಲ್ಲಿ ಏನ್ ಗಿಟ್ಟುತ್ತೆ ಸಾರ್? ಬ್ಯಾಗು, ಮೌಸಲ್ಲಿ ಒಂಚೂರು ಗಿಟ್ಟಿದರೆ ಅದೇ” ಅಂದರು. ಚೌಕಾಸಿ ಅಲ್ಲಿಗೇ ಮರೆತುಹೋಯಿತು. ಗಿಟ್ಟುವುದು! ತರಕಾರಿಯವರಿಂದ ಹಿಡಿದು ಆಟೋದವರ ತನಕ ಎಲ್ಲರ ಬಾಯಲ್ಲೂ ಇರುವ ಮಾತು. ‘ಹುಟ್ಟುವಳಿ’ ಇದ್ದ ಹಾಗೆ ‘ಗಿಟ್ಟುವಳಿ’ ಅನ್ನಬಹುದಾ?

ಇನ್ನೊಂದು ಸಣ್ಣ ತೊಡಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಹಳೇ ಮೆಷಿನ್ ಬದಲಿಸಲು ಆಫೀಸುಗಳು ಹೊಸದನ್ನು ಕೊಳ್ಳತೊಡಗಿದವು. ಇದನ್ನು ‘ಕಂಪನಿಗಳ ಬೇಡಿಕೆ’ ಅಂತ ಬರೆದು ಓದಿದರೆ, ‘ರೈತರ ಬೇಡಿಕೆ’ ಥರ, ಕಂಪನಿಗಳು ಸರ್ಕಾರಕ್ಕೆ ಮನವಿ ಕೊಟ್ಟ ಹಾಗೆ ಕೇಳಿಸಿತು. ‘ಕಂಪನಿಗಳ ಖರೀದಿ’ ಅಂತ ತಿದ್ದಿದೆ. ಇದು ಸರಿ ಅಂತಲೇ ನನಗನ್ನಿಸುತ್ತದೆ.

ಗಿಟ್ಟುವಳಿಯ ವಿಷಯದಲ್ಲಿ ಮಾತ್ರ ಧೈರ್ಯ ಸಾಲದು. ಧಾರವಾಡ, ಮಂಗಳೂರು ಕಡೆ ಅಂಗಡಿಯವರು ಇದಕ್ಕೆ ಏನನ್ನುತ್ತಾರೆ? ‘ಪಿಸಿ ಮಾರಾಟದಲ್ಲಿ ಗಿಟ್ಟುವಳಿ ಶೇ 5’ ಅಂತ ತಲೆಬರಹ ಕಂಡರೆ ನಿಮಗೆ ಅರ್ಥವಾಗುತ್ತಾ, ಇಲ್ಲಾ ನಗು ಬರುತ್ತಾ?