ಸೇಬಾ ದ್ವೀಪಕ್ಕೆ ಹೋಗಬೇಕು: ಪುಟ್ಟ ವಿಮಾನವೋ, ಫೆರಿಯೋ?

ಪ್ರಶ್ನೆ (ಮೈಸೂರಿನ ಸದಸ್ಯೆ, ಈಗ ನ್ಯೂಜೆರ್ಸಿಯಲ್ಲಿ):

ಮೇಡಂ, ನಮಸ್ಕಾರ. ನಾನು ನಿವೃತ್ತ ಶಿಕ್ಷಕಿ. ಮಗಳ ಮನೆಗೆಂದು ನಾನೂ ನಮ್ಮ ಯಜಮಾನರೂ ನ್ಯೂಜೆರ್ಸಿಗೆ ಬಂದಿದ್ದೇವೆ. ನಮ್ಮ ಮೊಮ್ಮಗಳು ಕೆರಿಬಿಯನ್ ಸಮುದ್ರದ ಸೇಬಾ ಎಂಬ ಪುಟ್ಟ ದ್ವೀಪದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಜನವರಿಯ ಒಂದು ಶುಕ್ರವಾರ ಅವಳ ಕಾಲೇಜಿನಲ್ಲಿ ಸಮಾರಂಭವಿದೆ, ಅಜ್ಜಿ ತಾತ ಬರಲೇಬೇಕು ಎಂದು ಹಟ ಹಿಡಿದಿದ್ದಾಳೆ. ನ್ಯೂಯಾರ್ಕಿನಿಂದ ಗುರುವಾರ ಬೆಳಿಗ್ಗೆ ಹೊರಟು ಅಂದೇ ಸಂಜೆ ಸೇಬಾ ಸೇರಬಹುದು ಎಂದು ಅಳಿಯ ಹೇಳುತ್ತಾರೆ. ಯಜಮಾನರಿಗೆ 71 ವರ್ಷ, ಮಂಡಿನೋವು ಇದೆ, ಬಸ್ಸಿನಲ್ಲಿ ಘಟ್ಟ ಇಳಿಯುವಾಗ ವಾಂತಿಯಾಗುತ್ತದೆ. ಅಲ್ಲಿನ ವಿಮಾನ ನಿಲ್ದಾಣದ ವೀಡಿಯೊ ನೋಡಿದಾಗಿನಿಂದ ನನಗೆ ಎದೆ ಡವಡವ. ಫೆರಿಯೂ ಇದೆಯಂತೆ. ಸಿಗಂದೂರಿನ ಲಾಂಚಿನಲ್ಲಿ ಎಷ್ಟೋ ಸಲ ಹೋಗಿ ಬಂದಿದ್ದೇವೆ, ಅಂಥದ್ದೇ ಆದರೆ ಅದೇ ವಾಸಿ ಅನ್ನಿಸುತ್ತದೆ. ಯಾವುದನ್ನು ಆರಿಸಲಿ?

ಉತ್ತರ (ಪ್ರಯಾಣ ಸಲಹೆಗಾರ್ತಿ):

ಅಮ್ಮ, ನಮಸ್ಕಾರ. ಮೊದಲು ನಿಮ್ಮ ಅಳಿಯನ ಯೋಜನೆಯನ್ನು ಬದಲಿಸೋಣ, ಆಮೇಲೆ ವಿಮಾನವೋ ಫೆರಿಯೋ ನೋಡೋಣ. ಗುರುವಾರ ಹೊರಟು ಶುಕ್ರವಾರದ ಸಮಾರಂಭಕ್ಕೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಮಂಗಳವಾರ ಹೊರಡಿ. ಅಂದು ರಾತ್ರಿ ಸೇಬಾಕ್ಕೆ ಹತ್ತಿರದ ಸಿಂಟ್ ಮಾರ್ಟನ್ ದ್ವೀಪದಲ್ಲಿ ತಂಗಿ, ಬುಧವಾರ ಬೆಳಿಗ್ಗೆ ಸೇಬಾಕ್ಕೆ ಹೋಗಿ. ಗುರುವಾರ ಪೂರ್ತಿ ಕೈಯಲ್ಲಿ ಉಳಿಯಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ಒಂದು ಕುಟುಂಬಕ್ಕೆ ನಾನೇ ಟಿಕೆಟ್ ಮಾಡಿಕೊಟ್ಟಿದ್ದೆ. ಎರಡು ವಿಮಾನಗಳ ನಡುವೆ ಎರಡು ಗಂಟೆಗೂ ಕಡಿಮೆ ಸಮಯವಿತ್ತು, ಸಾಕು ಎಂದುಕೊಂಡೆ. ದೊಡ್ಡ ವಿಮಾನ ತಡವಾಯಿತು, ಸೇಬಾಕ್ಕೆ ಹೋಗುವ ದಿನದ ಕೊನೆಯ ವಿಮಾನ ಹೊರಟುಹೋಯಿತು. ಅವರು ಹೋಗುತ್ತಿದ್ದದ್ದು ತಂಗಿಯ ಮದುವೆಗೆ. ಮದುವೆ ಮುಗಿದ ಮೇಲೆ ತಲುಪಿದರು. ಆ ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ, ಆದರೆ ಆ ತಪ್ಪನ್ನು ನಾನು ಮರೆತಿಲ್ಲ. ಅಂದಿನಿಂದ ಪುಟ್ಟ ದ್ವೀಪಗಳ ಪ್ರಯಾಣವನ್ನು ಕೊನೆಯಿಂದ ಹಿಂದಕ್ಕೆ ಕಟ್ಟುತ್ತೇನೆ. ಕೊನೆಯ ಹದಿನೈದು ನಿಮಿಷದ ಹಾರಾಟ ಮೊದಲು ನಿಗದಿಯಾಗಬೇಕು, ನ್ಯೂಯಾರ್ಕಿನ ಟಿಕೆಟ್ ಆಮೇಲೆ.

ಸೇಬಾ ಸುಮಾರು 13 ಚದರ ಕಿಲೋಮೀಟರಿನ ದ್ವೀಪ, ಜನಸಂಖ್ಯೆ ಎರಡು ಸಾವಿರದ ಆಸುಪಾಸು. 2010ರ ಅಕ್ಟೋಬರ್ 10ರಿಂದ ಅದು ನೆದರ್ಲೆಂಡ್ಸ್ ದೇಶದ ವಿಶೇಷ ಪುರಸಭೆ. ಸಮುದ್ರದಿಂದ ನೆಟ್ಟಗೆ ಎದ್ದ ಜ್ವಾಲಾಮುಖಿ ಪರ್ವತವೇ ಇಡೀ ದ್ವೀಪ ಎನ್ನಬಹುದು. ದೊಡ್ಡ ವಿಮಾನ ಇಳಿಯುವಷ್ಟು ಸಮತಟ್ಟಾದ ಜಾಗ ಅಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಎಲ್ಲರೂ ಮೊದಲು ಸಿಂಟ್ ಮಾರ್ಟನ್‌ನ ಪ್ರಿನ್ಸೆಸ್ ಜೂಲಿಯಾನಾ ವಿಮಾನ ನಿಲ್ದಾಣಕ್ಕೆ ಬರುತ್ತಾರೆ. ನ್ಯೂಯಾರ್ಕ್ ಭಾಗದಿಂದ ಅಲ್ಲಿಗೆ ನೇರ ವಿಮಾನಗಳಿವೆ, ನಾಲ್ಕರಿಂದ ಐದು ಗಂಟೆಯ ಪ್ರಯಾಣ. ಅಲ್ಲಿಂದ ಸೇಬಾ ಸುಮಾರು 45 ಕಿಲೋಮೀಟರ್ ದೂರ.

ಈಗ ನಿಮ್ಮ ಎದೆ ಡವಡವದ ವಿಷಯ. ಸೇಬಾದ ರನ್‌ವೇ ಉದ್ದ ಸುಮಾರು 400 ಮೀಟರ್. ಜಗತ್ತಿನಲ್ಲಿ ನಿಗದಿತ ಪ್ರಯಾಣಿಕ ವಿಮಾನ ಇಳಿಯುವ ಅತಿ ಚಿಕ್ಕ ರನ್‌ವೇ ಎಂದು ಹೆಸರಾದದ್ದು ಇದೇ. ನಮ್ಮ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇಗಳು 4,000 ಮೀಟರ್ ಉದ್ದ, ಇದು ಅದರ ಹತ್ತನೇ ಒಂದು ಭಾಗ! ಎರಡು ತುದಿಯಲ್ಲೂ ಬಂಡೆ, ಕೆಳಗೆ ಕಡಲು. ವೀಡಿಯೊ ನೋಡಿದವರು ಹೆದರುವುದು ಸಹಜ. ಆದರೆ ಅಲ್ಲಿ ಇಳಿಯುವ ವಿಮಾನ ನೀವು ಬೆಂಗಳೂರಿನಿಂದ ಹತ್ತಿ ಬಂದಂಥದ್ದಲ್ಲ. ಅದು ಟ್ವಿನ್ ಆಟರ್, ಕೆನಡಾದ ಡಿ ಹ್ಯಾವಿಲೆಂಡ್ ಕಂಪನಿ ಇಂಥ ಗಿಡ್ಡ ನೆಲಕ್ಕೆಂದೇ ರೂಪಿಸಿದ ವಿಮಾನ. ಎರಡು ಪಂಖದ ಎಂಜಿನ್, ಹತ್ತೊಂಬತ್ತು ಆಸನ. ನಿಧಾನವಾಗಿ ಹಾರಿದರೂ ರೆಕ್ಕೆ ಅದನ್ನು ಎತ್ತಿ ಹಿಡಿಯುತ್ತದೆ, ಚಕ್ರ ನೆಲ ಮುಟ್ಟಿದ ಸ್ವಲ್ಪ ದೂರದಲ್ಲೇ ನಿಲ್ಲುತ್ತದೆ. ವಿನ್‌ಏರ್ ಸಂಸ್ಥೆ ಇದನ್ನು ಹಾರಿಸುತ್ತದೆ, ಈ ನಿಲ್ದಾಣಕ್ಕೆಂದೇ ತರಬೇತಾದ ಪೈಲಟ್‌ಗಳು ಮಾತ್ರ ಅಲ್ಲಿ ಇಳಿಸುತ್ತಾರೆ. ರನ್‌ವೇಯ ತುದಿಗಳಲ್ಲಿ ದೊಡ್ಡ ಇಂಟು ಗುರುತು ಕಾಣಿಸಿದರೆ ಗಾಬರಿಯಾಗಬೇಡಿ, ಉಳಿದ ವಿಮಾನಗಳು ಇಲ್ಲಿ ಇಳಿಯಕೂಡದು ಎಂಬ ಸೂಚನೆ ಅದು.

ಆ ನೆಲದ ಕಥೆಯನ್ನೂ ಯಜಮಾನರಿಗೆ ಹೇಳಿ. ಫ್ಲ್ಯಾಟ್ ಪಾಯಿಂಟ್ ಎಂಬ ಆ ಜಾಗವನ್ನು ಊರಿನವರೇ ಕಲ್ಲು ಆರಿಸಿ ಹಸನು ಮಾಡಿದರು. 1959ರಲ್ಲಿ ಹತ್ತಿರದ ಸೇಂಟ್ ಬಾರ್ತಲೆಮಿ ದ್ವೀಪದ ವೈಮಾನಿಕ ರೆಮಿ ದ ಹೇನನ್ ಅಲ್ಲಿ ಮೊದಲ ಬಾರಿ ವಿಮಾನ ಇಳಿಸಿದರು. 1963ರಲ್ಲಿ ನಿಲ್ದಾಣ ಉದ್ಘಾಟನೆಯಾಯಿತು. ಅಂದಿನಿಂದ ಅಲ್ಲಿನ ಬಾಣಂತಿಯರು, ಮುದುಕರು, ಶಾಲೆಯ ಮಕ್ಕಳು ಅದೇ ನೆಲದಿಂದ ಹಾರಿ ಅದೇ ನೆಲಕ್ಕೆ ಇಳಿಯುತ್ತಿದ್ದಾರೆ.

ಫೆರಿಯ ಬಗ್ಗೆ: ಸಿಗಂದೂರಿನ ಲಾಂಚ್ ಹೋಗುತ್ತಿದ್ದದ್ದು ಶರಾವತಿಯ ಹಿನ್ನೀರಿನಲ್ಲಿ. ಅದು ನಿಂತ ನೀರು, ಇದು ತೆರೆದ ಕಡಲು. ಸುಮಾರು ಒಂದೂಕಾಲರಿಂದ ಒಂದೂವರೆ ಗಂಟೆಯ ಪ್ರಯಾಣ, ವಾರದ ಎಲ್ಲ ದಿನವೂ ಇರುವುದಿಲ್ಲ. ಅದಕ್ಕೂ ಮುಖ್ಯವಾದದ್ದು ತಿಂಗಳು. ಡಿಸೆಂಬರಿನಿಂದ ಫೆಬ್ರವರಿವರೆಗೆ ಪೂರ್ವದ ಗಾಳಿ ಬಲವಾಗುತ್ತದೆ, ದ್ವೀಪದವರು ಅದಕ್ಕೆ ಕ್ರಿಸ್‌ಮಸ್ ಗಾಳಿ ಎನ್ನುತ್ತಾರೆ. ಅಲೆ ಏಳುವ ಕಾಲ ಅದು. ಸೇಬಾಕ್ಕೆ ಹೋಗುವಾಗ ತಕ್ಕಮಟ್ಟಿಗೆ ಸಹಿಸಬಹುದು, ಮರಳುವಾಗ ಗಾಳಿಗೆ ಎದುರಾಗಿ ಸಾಗಬೇಕಾದ್ದರಿಂದ ಕುಲುಕಾಟ ಹೆಚ್ಚು. ಘಟ್ಟದ ತಿರುವಿನಲ್ಲೇ ಸಂಕಟಪಡುವವರನ್ನು ಜನವರಿಯಲ್ಲಿ ಆ ದೋಣಿಗೆ ಹತ್ತಿಸಬೇಡಿ. ವಿಮಾನದಲ್ಲಿ ಕುಲುಕಿದರೂ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ನನ್ನ ಮಾತು ಕೇಳುವುದಾದರೆ, ಹೋಗುವಾಗಲೂ ಬರುವಾಗಲೂ ವಿಮಾನ. ಗಾಳಿ ಅತಿಯಾಗಿ ವಿಮಾನಗಳೇ ನಿಂತ ದಿನಕ್ಕೆ ಮಾತ್ರ ಫೆರಿ, ಅದೂ ಕಡಲು ಅನುಕೂಲವಾಗಿದ್ದರೆ.

ಮರುಪ್ರಶ್ನೆ (ಅದೇ ಸದಸ್ಯೆ):

ಮೇಡಂ, ಅರ್ಧ ಭಯ ಹೋಯಿತು. ಯಜಮಾನರು ಆಗಲೇ ಆ ವಿಮಾನದ ಚಿತ್ರ ಹುಡುಕಿ ನೋಡುತ್ತಿದ್ದಾರೆ. ಇನ್ನೆರಡು ಸಂಶಯ. ಮೊಮ್ಮಗಳಿಗೆ ಚಟ್ನಿಪುಡಿ, ಹುರಿಹಿಟ್ಟು, ಚಕ್ಕುಲಿ ಎಂದು ಎರಡು ದೊಡ್ಡ ಸೂಟ್‌ಕೇಸ್ ತುಂಬಿಸಿದ್ದೇನೆ, ತೊಂದರೆಯೇ? ನಮ್ಮ ಪಾಸ್‌ಪೋರ್ಟ್ ಭಾರತದ್ದು, ಅಮೆರಿಕದ ಸಂದರ್ಶಕ ವೀಸಾ ಇದೆ. ಅದು ಸಾಕೇ?

ಉತ್ತರ:

ಎರಡು ದೊಡ್ಡ ಸೂಟ್‌ಕೇಸ್ ಬೇಡ ಅಮ್ಮ. ಪುಟ್ಟ ವಿಮಾನದಲ್ಲಿ ತೂಕವೇ ದೊಡ್ಡ ಲೆಕ್ಕ. ದೊಡ್ಡ ವಿಮಾನದವರು ಒಪ್ಪಿದ ತೂಕವನ್ನು ಇವರೂ ಒಪ್ಪಬೇಕೆಂದಿಲ್ಲ. ಗಾಳಿ, ಇಂಧನ, ಜನರ ತೂಕ ಎಲ್ಲ ಸೇರಿ ಮಿತಿ ಮುಟ್ಟಿದರೆ ಕೆಲವು ಚೀಲಗಳನ್ನು ಮುಂದಿನ ವಿಮಾನಕ್ಕೆ ಬಿಡುತ್ತಾರೆ. ಆದ್ದರಿಂದ ಮಾತ್ರೆಗಳು, ಕನ್ನಡಕ, ಸಮಾರಂಭಕ್ಕೆ ಉಡುವ ಸೀರೆ, ಒಂದು ದಿನದ ಬಟ್ಟೆ ಕೈಚೀಲದಲ್ಲೇ ಇರಲಿ. ತಿಂಡಿಯನ್ನು ಮಧ್ಯಮ ಗಾತ್ರದ ಮೆತ್ತನೆಯ ಒಂದು ಚೀಲಕ್ಕೆ ಇಳಿಸಿ. ಪುಡಿಗಳ ಪೊಟ್ಟಣದ ಮೇಲೆ ಏನೆಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿ, ಸುಂಕದವರು ಕೇಳಿದರೆ ತೋರಿಸಿ. ಚಟ್ನಿಪುಡಿಯನ್ನು ಮಾತ್ರ ಖಂಡಿತ ಒಯ್ಯಿರಿ. ಅಲ್ಲಿನ ಅಂಗಡಿಗಳಿಗೆ ಬಹುತೇಕ ಸಾಮಾನು ಹಡಗಿನಲ್ಲೇ ಬರಬೇಕು. ಮನೆಯ ರುಚಿ ಆ ಮಗುವಿಗೆ ಎಷ್ಟು ಬೇಕಾಗಿದೆಯೋ ನಾನು ಬಲ್ಲೆ.

ವೀಸಾದ ವಿಷಯದಲ್ಲಿ ಗುಂಪಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಹೊರಡಬೇಡಿ, ನನ್ನನ್ನೂ ಸೇರಿಸಿ ಹೇಳುತ್ತೇನೆ. ಸೇಬಾ, ಸಿಂಟ್ ಮಾರ್ಟನ್ ಎರಡೂ ನೆದರ್ಲೆಂಡ್ಸ್ ಸಾಮ್ರಾಜ್ಯದ ಭಾಗವಾದರೂ, ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯಕ್ಕೆ ಸೇರಿಲ್ಲ. ಅವಕ್ಕೆ ಕೆರಿಬಿಯನ್ ವೀಸಾ ಎಂಬುದು ಪ್ರತ್ಯೇಕವಾಗಿದೆ, ಡಚ್ (ನೆದರ್ಲೆಂಡ್ಸ್) ರಾಯಭಾರದ ಮೂಲಕ ಅರ್ಜಿ ಹಾಕಬೇಕು. ಕೆಲವು ದೇಶಗಳ ವೀಸಾ ಅಥವಾ ವಾಸದ ಅನುಮತಿ ಇರುವವರಿಗೆ ವಿನಾಯಿತಿ ಇದೆ. ಆ ವಿನಾಯಿತಿ ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು, ಕೈಯಲ್ಲಿರುವ ವೀಸಾ ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ನೆದರ್ಲೆಂಡ್ಸ್ ಸರ್ಕಾರದ ಜಾಲತಾಣದಲ್ಲಿ ನಿಮ್ಮ ವಿವರ ಹಾಕಿ ನೋಡಿ, ಬಂದ ಉತ್ತರವನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ. ಟಿಕೆಟ್ ಕೊಳ್ಳುವುದು ಅದಾದ ಮೇಲೆ.

ಇನ್ನೂ ಎರಡು ಸೂಕ್ಷ್ಮ. ಸಿಂಟ್ ಮಾರ್ಟನ್ ಇರುವ ದ್ವೀಪ 1648ರ ಒಪ್ಪಂದದಿಂದ ಎರಡು ಪಾಲಾಗಿದೆ, ದಕ್ಷಿಣ ಡಚ್ಚರದು, ಉತ್ತರ ಫ್ರೆಂಚರದು. ನಡುವೆ ಗೇಟೂ ಇಲ್ಲ, ಕಾವಲೂ ಇಲ್ಲ. ಆದರೆ ಫ್ರೆಂಚ್ ಭಾಗಕ್ಕೆ ವೀಸಾ ನಿಯಮ ಬೇರೆ. ನೀವು ವಿಮಾನ ನಿಲ್ದಾಣಕ್ಕೆ ಹತ್ತಿರ, ಡಚ್ ಭಾಗದಲ್ಲೇ ಕೋಣೆ ಹಿಡಿಯಿರಿ. ಎರಡನೆಯದು ಅಮೆರಿಕಕ್ಕೆ ಮರಳುವುದು. ನಿಮ್ಮ ವೀಸಾ ಹಲವು ಬಾರಿ ಪ್ರವೇಶ ಕೊಡುವಂಥದ್ದೇ, ಮರಳುವ ದಿನ ಅವಧಿ ಇದೆಯೇ ನೋಡಿಕೊಳ್ಳಿ. ನಾಲ್ಕು ದಿನ ಹೊರಗೆ ಹೋಗಿ ಬಂದರೆ ಮತ್ತೆ ಆರು ತಿಂಗಳ ವಾಸ ಸಿಗುತ್ತದೆ ಎಂಬ ಲೆಕ್ಕ ಬೇಡ. ಇಂಥ ಹತ್ತಿರದ ದ್ವೀಪಗಳಿಂದ ಬೇಗ ಮರಳಿದವರಿಗೆ ಅಧಿಕಾರಿಗಳು ಮೊದಲು ಕೊಟ್ಟ ಅವಧಿಯನ್ನೇ ಮುಂದುವರಿಸಬಹುದು.

ಇನ್ನೊಬ್ಬ ಸದಸ್ಯ (ಮಂಗಳೂರು):

ಅಕ್ಕ, ನಮ್ಮ ಬಜ್ಪೆಯೂ ಗುಡ್ಡದ ತಲೆಯ ಮೇಲಿನ ನಿಲ್ದಾಣವೇ, ಹಾಗಾಗಿ ಕುತೂಹಲ. ನಾನು ಬೆಂಗಳೂರಿನಿಂದಲೇ ಸೇಬಾಕ್ಕೆ ಹೋಗುವುದಾದರೆ ದಾರಿ ಯಾವುದು? ಜುಲೈ ಅಥವಾ ಆಗಸ್ಟ್‌ನಲ್ಲಿ ರಜೆ ಸಿಗುತ್ತದೆ.

ಉತ್ತರ:

ತಮ್ಮಾ, ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್ ಅಥವಾ ಪ್ಯಾರಿಸ್, ಅಲ್ಲಿಂದ ಸಿಂಟ್ ಮಾರ್ಟನ್, ಆಮೇಲೆ ಸೇಬಾ. ಬೆಂಗಳೂರಿನ ಗಡಿಯಾರಕ್ಕಿಂತ ಸೇಬಾದ ಗಡಿಯಾರ ಒಂಬತ್ತೂವರೆ ಗಂಟೆ ಹಿಂದೆ. ನೀನು ಕೇಳಿದ ತಿಂಗಳುಗಳ ಬಗ್ಗೆ ಎಚ್ಚರ: ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಚಂಡಮಾರುತದ ಕಾಲ, ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ ಅದರ ಬಿರುಸು ಹೆಚ್ಚು. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಸಿಂಟ್ ಮಾರ್ಟನ್ ನಿಲ್ದಾಣದ ಕಟ್ಟಡವನ್ನೇ ಜಖಂ ಮಾಡಿತು. ಹೆಬ್ಬಾಗಿಲು ಮುಚ್ಚಿದರೆ ಒಳಮನೆಗೆ ಹೋಗುವುದೆಲ್ಲಿಂದ? ಜುಲೈ ಮೊದಲ ವಾರವಾದರೆ ಹೋಗು, ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್ಟನ್ನೇ ಕೊಳ್ಳು. ಆಗಸ್ಟ್ ಕೊನೆಯಾದರೆ ನಾನು ಟಿಕೆಟ್ ಮಾಡಿಕೊಡುವುದಿಲ್ಲ.

ಮರುಪ್ರಶ್ನೆ (ಮೈಸೂರಿನ ಸದಸ್ಯೆ):

ಇಳಿದ ಮೇಲೆ ಕಾಲೇಜಿರುವ ಊರಿಗೆ ಹೇಗೆ ಹೋಗುವುದು? ಬಸ್ ಇದೆಯೇ? ಯಜಮಾನರ ಮಂಡಿಗೆ ಮೆಟ್ಟಿಲು ಆಗದು. ಮತ್ತೆ, ಮರಳುವಾಗಲೂ ಸಿಂಟ್ ಮಾರ್ಟನ್‌ನಲ್ಲಿ ಒಂದು ರಾತ್ರಿ ತಂಗಬೇಕೇ?

ಉತ್ತರ:

ಬಸ್ಸನ್ನು ನೆಚ್ಚಿಕೊಳ್ಳಬೇಡಿ ಅಮ್ಮ, ಟ್ಯಾಕ್ಸಿ ಇದೆ. ದುಡ್ಡು ಅಮೆರಿಕದ ಡಾಲರ್, 2011ರಿಂದ ಅಲ್ಲಿ ಅದೇ ಅಧಿಕೃತ ನಾಣ್ಯ. ವಿಮಾನ ನಿಲ್ದಾಣ ದ್ವೀಪದ ಈಶಾನ್ಯ ಮೂಲೆಯಲ್ಲಿ, ಕಾಲೇಜಿರುವ ದ ಬಾಟಮ್ ಎಂಬ ಊರು ಇನ್ನೊಂದು ಕಡೆ. ಝಯಾನ್ಸ್ ಹಿಲ್ ಹತ್ತಿ, ವಿಂಡ್‌ವರ್ಡ್‌ಸೈಡ್ ದಾಟಿ, ಮತ್ತೆ ಇಳಿಯಬೇಕು. ದೂರ ಕಡಿಮೆ, ತಿರುವು ಬಹಳ. ಯಜಮಾನರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ನಿಧಾನವಾಗಿ ಓಡಿಸಲು ಚಾಲಕರಿಗೆ ಮೊದಲೇ ಹೇಳಿ. ಕೋಣೆಯನ್ನು ದ ಬಾಟಮ್‌ನಲ್ಲೇ ಹಿಡಿಯಿರಿ. ಹಿಡಿಯುವ ಮೊದಲು ರಸ್ತೆಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು ಎಂದು ಬಾಯಿಬಿಟ್ಟು ಕೇಳಿ. ಆ ಊರಿನಲ್ಲಿ ಇಳಿಜಾರಿನ ಮನೆಗಳೇ ಹೆಚ್ಚು, ಚಿತ್ರದಲ್ಲಿ ಮೆಟ್ಟಿಲು ಕಾಣಿಸುವುದಿಲ್ಲ.

ಆ ರಸ್ತೆಯಲ್ಲಿ ಹೋಗುವಾಗ ಕಿಟಕಿಯಿಂದ ಹೊರಗೆ ನೋಡಿ. ಈ ಗುಡ್ಡದಲ್ಲಿ ರಸ್ತೆ ಸಾಧ್ಯವೇ ಇಲ್ಲ ಎಂದು ಎಂಜಿನಿಯರುಗಳು ಕೈಚೆಲ್ಲಿದ್ದರು. ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಎಂಬ ಸ್ಥಳೀಯರು ಅಂಚೆಯ ಮೂಲಕ ರಸ್ತೆ ನಿರ್ಮಾಣದ ಪಾಠ ಕಲಿತು, ಊರಿನವರನ್ನು ಕಟ್ಟಿಕೊಂಡು 1938ರಲ್ಲಿ ಕೆಲಸ ಶುರು ಮಾಡಿದರು. ಬಂದರಿನಿಂದ ದ ಬಾಟಮ್‌ವರೆಗಿನ ಮೊದಲ ತುಂಡು 1943ರಲ್ಲಿ ಮುಗಿಯಿತು. ದ್ವೀಪಕ್ಕೆ ಮೊದಲ ಮೋಟಾರು ವಾಹನ ಬಂದದ್ದು 1947ರಲ್ಲಿ. ರಸ್ತೆ ಪೂರ್ತಿಯಾದದ್ದು 1958ರಲ್ಲಿ. ಕೈಯಿಂದಲೇ ಕಲ್ಲು ಜೋಡಿಸಿ ಇಪ್ಪತ್ತು ವರ್ಷ ದುಡಿದರು! ಅದಕ್ಕೂ ಮುಂಚೆ ಹಡಗಿನಿಂದ ಇಳಿದ ಸಾಮಾನೆಲ್ಲ ಲ್ಯಾಡರ್ ಬೇಯ ಸುಮಾರು 800 ಮೆಟ್ಟಿಲುಗಳನ್ನು ಜನರ ತಲೆಯ ಮೇಲೆ ಏರಿ ಬರುತ್ತಿತ್ತು. ಪಾಠ ಮಾಡಿದವರು ನೀವು, ಈ ಕಥೆ ನಿಮಗೆ ಹಿಡಿಸುತ್ತದೆ.

ಮೌಂಟ್ ಸೀನರಿ ಎಂಬ ಶಿಖರ ಹತ್ತೋಣ ಎಂದು ಮೊಮ್ಮಗಳು ಕರೆದರೆ ನೀವು ಯೋಚಿಸಿ, ಯಜಮಾನರು ಬೇಡವೇ ಬೇಡ. ಅದಕ್ಕೆ 1,064 ಮೆಟ್ಟಿಲು. ಚಾಮುಂಡಿ ಬೆಟ್ಟವನ್ನು ಮೆಟ್ಟಿಲಿನಿಂದ ಹತ್ತಿದವರಿಗೆ ಲೆಕ್ಕ ಗೊತ್ತಿದೆ, ಇಲ್ಲಿ ಮೋಡ ಮುಸುಕಿ ಕಲ್ಲು ಜಾರುವುದು ಬೇರೆ. ಅಲ್ಲಿನ ಆಸ್ಪತ್ರೆ ಚಿಕ್ಕದು, ಗಂಭೀರವಾದ ತೊಂದರೆಯಾದರೆ ಬೇರೆ ದ್ವೀಪಕ್ಕೆ ಸಾಗಿಸುತ್ತಾರೆ. ಹಾಗೆ ಸಾಗಿಸುವ ಖರ್ಚನ್ನೂ ಭರಿಸುವ ಪ್ರಯಾಣ ವಿಮೆಯನ್ನೇ ಇಬ್ಬರಿಗೂ ಮಾಡಿಸಿ.

ಮರಳುವ ರಾತ್ರಿಯ ಬಗ್ಗೆ: ನ್ಯೂಯಾರ್ಕ್ ವಿಮಾನ ಮಧ್ಯಾಹ್ನದ ನಂತರ ಇದ್ದರೆ, ಸೇಬಾದಿಂದ ದಿನದ ಮೊದಲ ವಿಮಾನ ಹಿಡಿದು ಅಂದೇ ಹೋಗಬಹುದು. ಮೊದಲನೆಯದು ರದ್ದಾದರೂ ಇನ್ನೊಂದು ಸಿಗುವಷ್ಟು ಹೊತ್ತು ಕೈಯಲ್ಲಿರುತ್ತದೆ. ಎರಡೂ ಒಂದೇ ಟಿಕೆಟ್ಟಿನಲ್ಲಿ ಬರುತ್ತವೆಯೇ ಕೇಳಿ. ಬೇರೆ ಬೇರೆ ಕೊಂಡರೆ, ಒಂದು ತಪ್ಪಿದಾಗ ಇನ್ನೊಂದರವರು ಹೊಣೆ ಹೊರುವುದಿಲ್ಲ. ಆದರೆ ಅದರ ಮರುದಿನವೇ ಬೆಂಗಳೂರಿಗೆ ಟಿಕೆಟ್ ಇದೆ ಎನ್ನುವುದಾದರೆ ಹಿಂದಿನ ದಿನವೇ ಸೇಬಾ ಬಿಡಿ. ನಿಮ್ಮ ಭಾರತದ ಟಿಕೆಟ್ ಯಾವ ದಿನಕ್ಕಿದೆ ಎಂದು ತಿಳಿಸಿ, ಎರಡೂ ಕಡೆಯ ಸಮಯ ಕೂಡಿಸಿ ನೋಡಿ ಇಲ್ಲೇ ಬರೆಯುತ್ತೇನೆ.

ಮೈಸೂರಿನ ಸದಸ್ಯೆ:

ಫೆಬ್ರವರಿ ಕೊನೆಯ ವಾರ, ಮೇಡಂ. ಅಳಿಯ ಮಂಗಳವಾರಕ್ಕೆ ಒಪ್ಪಿದ್ದಾರೆ. ಇಂದು ರಾತ್ರಿಯೇ ವೀಸಾ ನಿಯಮ ನೋಡುತ್ತಾರಂತೆ.

ಉತ್ತರ:

ಹಾಗಾದರೆ ಸಾಕಷ್ಟು ಸಮಯವಿದೆ, ಮರಳುವಾಗ ತಂಗುವುದು ಬೇಡ. ಯಜಮಾನರಿಗೆ ವಾಂತಿಯ ಮಾತ್ರೆ ಯಾವುದು ಹೊಂದುತ್ತದೆ ಎಂದು ಅವರ ವೈದ್ಯರನ್ನು ಈಗಲೇ ಕೇಳಿ, ಬುಧವಾರ ಬೆಳಿಗ್ಗೆ ಹಗುರಾಗಿ ಇಡ್ಲಿಯಷ್ಟು ಏನಾದರೂ ತಿನ್ನಿಸಿ ವಿಮಾನ ಹತ್ತಿಸಿ. ಖಾಲಿ ಹೊಟ್ಟೆಯಲ್ಲಿ ಮಾತ್ರ ಬೇಡ.